ವಾಯನಶಾಲೆಗೆ ಎಲ್ಲರೂ ಬರುತ್ತಾರೆ, ಮನಸ್ಸು ಬಿಚ್ಚಿ ಮಾತಾಡುವವರಿಲ್ಲ. ಏನು ಮಾಡುವುದು?

ನೀರ್ಚಾಲು ನೆರೆಮನೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಊರು. ಸಣ್ಣದೊಂದು ವಾಯನಶಾಲೆ, ಅಂದರೆ ಓದುವ ಕೋಣೆ, ಉಂಟು. ಎರಡು ಕಪಾಟು ಪುಸ್ತಕ, ಒಂದು ಉದ್ದ ಮೇಜು, ನಾಲ್ಕು ಪೇಪರ್. ಸಂಜೆ ಒಂದಷ್ಟು ಜನ ಬಂದು ಕೂರುತ್ತಾರೆ. ಮಾತು ಮಳೆ ಮತ್ತು ಅಡಿಕೆ ರೇಟು ದಾಟುವುದಿಲ್ಲ.

ಕಳೆದ ವರ್ಷ ಪಕ್ಕದ ಮನೆಯ ಅಜ್ಜಿ ತೀರಿಕೊಂಡರು. ಅವರು ದಿನಾ ನಾಲ್ಕು ಗಂಟೆಗೆ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಿದ್ದರು. ಶಾಲೆ ಬಸ್ಸು ಬರುವ ಹೊತ್ತು. ಮೊಮ್ಮಗನನ್ನು ಕಾಯುವುದು ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಮೊಮ್ಮಗ ಬೇರೆ ಊರಿಗೆ ಹೋಗಿ ಎರಡು ವರ್ಷ ಆಗಿತ್ತು. ಬಸ್ಸಿನಿಂದ ಇಳಿಯುವ ಬೇರೆ ಮಕ್ಕಳನ್ನು ನೋಡಲು ಕೂರುತ್ತಿದ್ದರಂತೆ. ನಾನು ದಿನಾ ಆ ದಾರಿಯಲ್ಲೇ ಹೋಗುತ್ತಿದ್ದೆ. "ಊಟ ಆಯ್ತಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ. ಅಷ್ಟೇ.

ಅದಕ್ಕೇ ತಿಂಗಳಿಗೊಂದು ಭಾನುವಾರ ಎಲ್ಲರೂ ಸೇರೋಣ ಎಂದು ಶುರು ಮಾಡಿದೆ. ಮೊದಲ ಸಲ 14 ಜನ ಬಂದರು. ಕುರ್ಚಿ ಸುತ್ತಲೂ ಹಾಕಿ, "ಮನಸ್ಸಿನಲ್ಲಿ ಏನುಂಟು ಹೇಳಿ" ಎಂದೆ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಕೊನೆಗೆ ಒಬ್ಬರು "ಎಲ್ಲ ಚೆನ್ನಾಗಿಯೇ ಉಂಟು" ಎಂದರು. ಚಹಾ ಕುಡಿದು ಎದ್ದರು.

ಎರಡನೇ ಸಲ ಬಣ್ಣ, ಬ್ರಷ್, ಕಾಗದ ತಂದೆ. ಶುರುವಿನಲ್ಲಿ ಖುಷಿಯಾಗಿತ್ತು. ಆಮೇಲೆ ಒಬ್ಬ ಹಿರಿಯರು ಪಕ್ಕದವರ ಚಿತ್ರ ನೋಡಿ, "ತೆಂಗಿನಮರ ಹೀಗಾ ಇರುವುದು?" ಎಂದು ಅವರ ಕೈಯಿಂದ ಬ್ರಷ್ ತೆಗೆದುಕೊಂಡು ಸರಿ ಮಾಡಿಕೊಟ್ಟರು. ಆ ಅಕ್ಕನಿಗೆ ಐವತ್ತು ದಾಟಿರಬಹುದು. ಶಾಲೆ ಬಿಟ್ಟ ಮೇಲೆ ಮೊದಲ ಸಲ ಬ್ರಷ್ ಹಿಡಿದದ್ದು. ಏನೂ ಮಾತಾಡಲಿಲ್ಲ. ಕಾಗದ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಹಾಕಿಕೊಂಡರು. ಮೂರನೇ ತಿಂಗಳು ಬರಲಿಲ್ಲ. ಒಟ್ಟು ಐದೇ ಜನ ಇದ್ದೆವು.

ಮೊದಲು ಮಾತಾ, ಮೊದಲು ಚಿತ್ರವಾ? ಅಥವಾ ಈ ಯೋಚನೆಯೇ ನಮ್ಮ ಊರಿಗೆ ಹೊಂದುವುದಿಲ್ಲವಾ? ಗೊತ್ತಿದ್ದವರು ಹೇಳಿ.

ಅಡಿಕೆ ಸಿಪ್ಪೆ

ಅಡಿಕೆ ಸುಲಿಯಲು ಕೂರಿಸಿ. ಮಾತು ತನ್ನಿಂದ ತಾನೇ ಬರುತ್ತದೆ. ನಿಜವಾಗಿಯೂ ಹೇಳುತ್ತಿದ್ದೇನೆ.

ಉಪ್ಪಳ ಗೇಟ್

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಅಮ್ಮ ಬೀಡಿ ಕಟ್ಟುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ ನಾಲ್ಕು ಮನೆಯ ಹೆಂಗಸರು ನಮ್ಮ ಜಗಲಿಗೆ ಬರುವುದು. ಎಲ್ಲರ ಮಡಿಲಲ್ಲೂ ಒಂದೊಂದು ತಡ್ಪೆ (ಮೊರ). ಎಲೆ ಕತ್ತರಿಸುವುದು, ಹೊಗೆಸೊಪ್ಪು ಹಾಕುವುದು, ಸುತ್ತುವುದು, ನೂಲು ಕಟ್ಟುವುದು. ಕಣ್ಣು ತಡ್ಪೆಯಲ್ಲೇ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆದರೆ ಗಂಡ ಹೊಡೆದದ್ದು, ಮಗು ಹೋದದ್ದು, ಚಿನ್ನ ಅಡವಿಟ್ಟದ್ದು, ಎಲ್ಲ ಅಲ್ಲೇ ಹೊರಗೆ ಬರುತ್ತಿತ್ತು. ಅಳು ಬಂದರೆ ಒಂದು ನಿಮಿಷ ಕೈ ನಿಲ್ಲುತ್ತಿತ್ತು. ಪಕ್ಕದವರು ಅವರ ಎಲೆ ತೆಗೆದುಕೊಂಡು ತಾವು ಸುತ್ತುತ್ತಿದ್ದರು. ಸಮಾಧಾನದ ಮಾತು ಒಂದೂ ಇರಲಿಲ್ಲ. ಆ ಎಲೆ ತೆಗೆದುಕೊಳ್ಳುವುದೇ ಸಮಾಧಾನ.

ನೀವು ಕುರ್ಚಿ ಸುತ್ತಲೂ ಹಾಕಿ ಮುಖ ಮುಖ ನೋಡಿ ಹೇಳಿ ಎಂದರೆ ಯಾರು ಹೇಳುತ್ತಾರೆ? ಅದು ಇಂಟರ್‌ವ್ಯೂ ಥರ ಆಯಿತಲ್ವಾ?

ಮುಳ್ಳೇರಿಯ ಮೇಷ್ಟ್ರು

ಬೀಡಿಯ ವಿಷಯ ಬಂದದ್ದಕ್ಕೆ ಒಂದು ಮಾತು. ಕಣ್ಣೂರು ಕಡೆ ಬೀಡಿ ಕಟ್ಟುವ ಜಾಗದಲ್ಲಿ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಪೇಪರ್, ಕಾದಂಬರಿ ಓದುತ್ತಿದ್ದರು. ಉಳಿದವರು ಕೇಳುತ್ತಾ ಬೀಡಿ ಸುತ್ತುತ್ತಿದ್ದರು. ಓದುವವರ ಲೆಕ್ಕದ ಬೀಡಿಯನ್ನೂ ಅವರೇ ಸುತ್ತಿ ಕೊಡುತ್ತಿದ್ದರು. 1969ರಲ್ಲಿ ಶುರುವಾದ ದಿನೇಶ್ ಬೀಡಿ ಸಹಕಾರಿಯಲ್ಲೂ ಈ ಓದು ಇತ್ತು. ಓದು ಮುಗಿದ ಮೇಲೆ ಚರ್ಚೆ, ಜಗಳ, ನಗು. ನಿಮ್ಮದು ವಾಯನಶಾಲೆಯೇ ಅಲ್ವಾ? ಒಬ್ಬರು ಒಂದು ಸಣ್ಣ ಕಥೆ ಓದಲಿ, ಉಳಿದವರ ಕೈಗೆ ಏನಾದರೂ ಕೆಲಸ ಕೊಡಿ.

ಹೊಳೆಬದಿ

ನನಗೆ ಇದು ಇಷ್ಟ ಆಗಲಿಲ್ಲ. ಕ್ಷಮಿಸಿ. ಬೀಡಿ ಕಟ್ಟಿದ್ದು ಹೊಟ್ಟೆಪಾಡಿಗೆ. ಅದನ್ನು ಚಿತ್ರ ಬಿಡಿಸುವುದಕ್ಕೆ ಹೋಲಿಸಬೇಡಿ. ಆ ಹೆಂಗಸರ ಬೆನ್ನು ನೋವು, ಕೆಮ್ಮು ಯಾರು ಕೇಳಿದರು? ಮಾತು ಬಂತು ಅಂತ ಕೆಲಸ ಚಂದ ಇತ್ತು ಎಂದು ಆಗುವುದಿಲ್ಲ.

ಉಪ್ಪಳ ಗೇಟ್

@ಹೊಳೆಬದಿ, ಚಂದ ಇತ್ತು ಎಂದು ನಾನು ಹೇಳಲೇ ಇಲ್ಲ. ನಮ್ಮ ಅಮ್ಮನ ಕೆಮ್ಮು ನಾನು ರಾತ್ರಿಯಿಡೀ ಕೇಳಿದವಳು. ಆದರೆ ಬೀಡಿ ಕೆಲಸ ನಿಂತ ಮೇಲೆ ಆ ನಾಲ್ಕು ಹೆಂಗಸರೂ ಒಬ್ಬೊಬ್ಬರೇ ಆದರು. ಅದೂ ನಿಜ. ಕಷ್ಟದ ಕೆಲಸ ಹೋಗಲಿ, ಜಗಲಿ ಉಳಿಯಬೇಕಿತ್ತು ಎಂದು ನನ್ನ ಆಸೆ.

ಹೊಳೆಬದಿ

ಸರಿ. ಜಗಲಿ ಉಳಿಯಬೇಕು ಎಂಬುದಕ್ಕೆ ನನ್ನದೂ ಒಪ್ಪಿಗೆ.

ಸಮಾಲೋಚಕಿ ಮಂಜೇಶ್ವರ

ನನ್ನ ಕೆಲಸವೇ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

'ಆರ್ಟ್ ಥೆರಪಿ' ಎಂಬ ಮಾತನ್ನು 1942ರಲ್ಲಿ ಮೊದಲು ಬಳಕೆಗೆ ತಂದವರು ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರ. ಅವರು ಕ್ಷಯ ಬಂದು ಸ್ಯಾನಟೋರಿಯಂನಲ್ಲಿ ಮಲಗಿದ್ದರು. ಬೇಸರ ಕಳೆಯಲು ಹಾಸಿಗೆಯಲ್ಲೇ ಚಿತ್ರ ಬಿಡಿಸತೊಡಗಿದರು. ತನಗೆ ಹಿತವಾದದ್ದು ನೋಡಿ ಪಕ್ಕದ ರೋಗಿಗಳಿಗೂ ಹೇಳಿಕೊಟ್ಟರು. ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಹೇಳಿಕೊಟ್ಟರು. ಈಗ ಅದು ವರ್ಷಗಟ್ಟಲೆ ಓದಿ ತರಬೇತಿ ಪಡೆದು ಮಾಡುವ ಚಿಕಿತ್ಸೆ. ನೀವು ಮಾಡುತ್ತಿರುವುದು ಅದಲ್ಲ, ಅದಾಗಬೇಕಾಗಿಯೂ ಇಲ್ಲ. ನೆರೆಹೊರೆಯವರು ಸೇರಿ ಕೂರುವುದು. ಅದಕ್ಕೆ ಅದರದ್ದೇ ಬೆಲೆ ಉಂಟು.

ಆದರೆ ಕೆಲವು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾರ ಚಿತ್ರಕ್ಕೂ ಅರ್ಥ ಹೇಳಬೇಡಿ. ಕಪ್ಪು ಬಳಿದರೆ ದುಃಖ, ಬಾಗಿಲಿಲ್ಲದ ಮನೆ ಬಿಡಿಸಿದರೆ ಏನೋ ಉಂಟು, ಇಂಥದ್ದೆಲ್ಲ ವಾಟ್ಸಾಪ್ ಜ್ಞಾನ. ಕಪ್ಪು ಬಣ್ಣದ ಡಬ್ಬಿ ಹತ್ತಿರ ಇತ್ತು ಎಂದೂ ಆಗಿರಬಹುದು. "ಇದರ ಬಗ್ಗೆ ಹೇಳಬೇಕು ಅನಿಸುತ್ತದಾ?" ಎಂದು ಕೇಳಿ. ಬೇಡ ಎಂದರೆ ಅಲ್ಲಿಗೇ ಬಿಡಿ. ಮತ್ತೆ "ಚೆಂದ ಆಗಿದೆ" ಎಂದೂ ಹೇಳಬೇಡಿ. ವಿಚಿತ್ರ ಅನಿಸಬಹುದು. ಒಬ್ಬರಿಗೆ ಚೆಂದ ಎಂದ ಕೂಡಲೇ ಪಕ್ಕದವರು ತಮ್ಮದನ್ನು ಕೈಯಿಂದ ಮುಚ್ಚಿಕೊಳ್ಳುತ್ತಾರೆ. ಗಮನಿಸಿ ನೋಡಿ.

ಫೋಟೋ ತೆಗೆದು ಗ್ರೂಪಿಗೆ ಹಾಕುವುದು ಪೂರ್ತಿ ನಿಲ್ಲಿಸಿ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು. ಯಾರಾದರೂ ಬದುಕು ಸಾಕಾಯಿತು ಎನ್ನುವ ಮಾತಾಡಿದರೆ ಬಣ್ಣದಲ್ಲಿ ಸರಿ ಮಾಡಲು ಹೋಗಬೇಡಿ. ಅವರ ಜೊತೆ ಇರಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416 ಎಂಬ ಉಚಿತ ಸಹಾಯವಾಣಿ ದಿನದ 24 ಗಂಟೆಯೂ ಉಂಟು. ಕನ್ನಡ, ಮಲಯಾಳಂ ಎರಡರಲ್ಲೂ ಮಾತಾಡಬಹುದು.

ಕುಂಬಳೆ ಕಡಲು

ಇದರಿಂದ ನಿಜಕ್ಕೂ ಪ್ರಯೋಜನ ಉಂಟು ಎಂಬುದಕ್ಕೆ ಲೆಕ್ಕ ಏನಾದರೂ ಉಂಟಾ? ಸುಮ್ನೆ ಕೇಳುತ್ತಿಲ್ಲ. ನಮ್ಮ ಕ್ಲಬ್ಬಿನಲ್ಲಿ ಹೇಳಿದರೆ ಮೊದಲ ಪ್ರಶ್ನೆ ಇದೇ.

ಸಮಾಲೋಚಕಿ ಮಂಜೇಶ್ವರ

ಉಂಟು. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ ಜೇಡಿಮಣ್ಣು, ಮಾರ್ಕರ್, ಕತ್ತರಿಸಿ ಅಂಟಿಸುವ ಕಾಗದ ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಎಂದರು. ಮುಂಚೆ ಮತ್ತು ಆಮೇಲೆ ಜೊಲ್ಲು ಪರೀಕ್ಷೆ ಮಾಡಿ ಕಾರ್ಟಿಸಾಲ್ ನೋಡಿದರು. ಅದು ಒತ್ತಡದ ಹಾರ್ಮೋನು. ಸುಮಾರು ನಾಲ್ಕರಲ್ಲಿ ಮೂರು ಪಾಲು ಜನರಿಗೆ ಇಳಿದಿತ್ತು. ಮೊದಲೇ ಚಿತ್ರ ಬಿಡಿಸಿ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಆದರೆ ಇದು ಸಣ್ಣ ಗುಂಪು. ಸುಮ್ಮನೆ ಕೂತಿದ್ದರೂ ಇಳಿಯುತ್ತಿತ್ತಾ ಎಂದು ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಅಷ್ಟನ್ನೂ ಸೇರಿಸಿಯೇ ಹೇಳಿ.

ಪೆರ್ಲದ ಪಯಣಿಗ

ನಮ್ಮ ಎಣ್ಮಕಜೆ ಕಡೆಯ ಅನುಭವ ಬರೆಯಲಾ ಬೇಡವಾ ಎಂದು ಎರಡು ದಿನ ಯೋಚಿಸಿದೆ.

ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು 2000ದಲ್ಲಿ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿತು. ಇದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ತುತ್ತಾದ ಮಕ್ಕಳ ಅಮ್ಮಂದಿರು ಇವತ್ತಿಗೂ ಮನೆ ಬಿಟ್ಟು ಒಂದು ಗಂಟೆ ಹೊರಗೆ ಹೋಗಲು ಆಗುವುದಿಲ್ಲ. ಮಗನಿಗೆ ಮೂವತ್ತು ವರ್ಷ, ಇನ್ನೂ ತೊಡೆಯ ಮೇಲೆ ಮಲಗಿಸಿ ಗಂಜಿ ಕುಡಿಸಬೇಕು. ಮನೆಗೆ ಬಂದವರೆಲ್ಲ ಕೇಳುವುದು ಮಗನ ಬಗ್ಗೆ. ಫೋಟೋ ತೆಗೆಯುವುದು ಮಗನದ್ದು. ಅಮ್ಮನಿಗೆ ಏನು ಇಷ್ಟ ಎಂದು ಯಾರೂ ಕೇಳಿದ್ದಿಲ್ಲ.

ನಾವು ಮೂವರು ಒಂದು ಮನೆಗೆ ಹೋದಾಗ ಒಂದು ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟೆವು. ನಾವೂ ಜೊತೆಗೆ ನೆಲದ ಮೇಲೆ ಕೂತು ಬಿಡಿಸಿದೆವು. ನಾನು ಒಂದು ಮಡಕೆ ಬಿಡಿಸಿದೆ, ಓರೆಯಾಯಿತು. ಅವರು ತುಂಬಾ ಹೊತ್ತು ಕಾಗದ ನೋಡಿ ಒಂದು ಬಸ್ಸು ಬಿಡಿಸಿದರು. ಕಿಟಕಿಗಳು, ಮೆಟ್ಟಿಲು, ಮುಂದೆ ಬೋರ್ಡು. ಬೋರ್ಡಿನಲ್ಲಿ ಅವರ ತವರಿನ ಹೆಸರು. ಅಲ್ಲಿಗೆ ಹೋಗದೆ ಎಷ್ಟು ವರ್ಷ ಆಯಿತು ಎಂದು ಅವರಾಗಿಯೇ ಹೇಳಿದರು. ಹೇಳುವಾಗ ಪೆನ್ಸಿಲ್ ನಿಲ್ಲಲಿಲ್ಲ, ಚಕ್ರಕ್ಕೆ ಕಪ್ಪು ತುಂಬುತ್ತಲೇ ಇದ್ದರು. ಮುಂದಿನ ತಿಂಗಳು ನಮ್ಮಲ್ಲಿ ಇಬ್ಬರು ಮಗನ ಜೊತೆ ಉಳಿದರು. ಅವರು ತವರಿಗೆ ಹೋಗಿ ಸಂಜೆ ವಾಪಸು ಬಂದರು.

ನೀವೇ ಹೇಳಿ, ಮೊದಲ ದಿನವೇ "ನಿಮ್ಮ ಕಷ್ಟ ಏನು" ಎಂದು ಕೇಳಿದ್ದರೆ ಅವರು ಪೆನ್ಶನ್ ಅರ್ಜಿಯ ಬಗ್ಗೆ ಹೇಳುತ್ತಿದ್ದರು. ಹೇಳಬೇಕಾದದ್ದೇ. ಆದರೆ ತವರಿನ ಬಸ್ಸು ನಮಗೆ ಗೊತ್ತಾಗುತ್ತಿರಲಿಲ್ಲ.

ಅಡಿಕೆ ಸಿಪ್ಪೆ

ಓದಿ ಕಣ್ಣು ತುಂಬಿತು ಮಾರಾಯ್ರೇ.

ಅಕ್ಕಲಕೋಟೆ ಕೌದಿ

ನಾನು ಸೊಲ್ಲಾಪುರ ಜಿಲ್ಲೆಯಾಕಿ. ನಿಮ್ಮ ಕಡೆಯ ಅಡಿಕೆ, ಬೀಡಿ ನಮಗ ಗೊತ್ತಿಲ್ಲ. ನಮ್ಮಲ್ಲಿ ಕೌದಿ ಹೊಲಿತಾರ. ಹಳೇ ಸೀರಿ, ಧೋತರ, ಮಕ್ಕಳ ಅಂಗಿ ಎಲ್ಲಾ ಹರಿದು ಜೋಡಿಸಿ, ಅಂಗಳದಾಗ ಹಾಸಿ, ನಾಲ್ಕು ಕಡೆ ನಾಲ್ಕು ಮಂದಿ ಕೂತು ದಾರ ಹಾಕೋದು. ಒಂದೊಂದು ತುಂಡಿಗೂ ಒಂದು ಸುದ್ದಿ ಇರ್ತದ. "ಇದು ನನ್ನ ಸೀಮಂತದ ಸೀರಿ", "ಇದು ಮಾವನವರ ಕೊನೇ ಪಟಗ". ಹೊಲಿಗಿ ಓರೆ ಆದ್ರೂ ಯಾರೂ ಬಿಚ್ಚೋದಿಲ್ಲ. ರಾತ್ರಿ ಹೊದ್ದುಕೊಂಡ್ರ ಬೆಚ್ಚಗಾಗ್ತದ, ಮುಗೀತು.

ದೂರದ ಒಂದು ಸಂಗತಿ ಹೇಳ್ತೀನಿ. ಏಡ್ಸ್‌ನಿಂದ ಸತ್ತವರ ನೆನಪಿಗೆ ಅಮೆರಿಕದಾಗ ಅವರವರ ಮಂದಿ ಬಟ್ಟಿ ತುಂಡು ಹೊಲಿದು ಜೋಡಿಸಿದ್ರು. ಒಂದೊಂದು ತುಂಡು ಮೂರು ಅಡಿ ಅಗಲ, ಆರು ಅಡಿ ಉದ್ದ. 1987ರ ಅಕ್ಟೋಬರ್‌ದಾಗ ವಾಷಿಂಗ್ಟನ್ನಿನ ಮೈದಾನದಾಗ ಮೊದಲ ಸಲ ಹಾಸಿದಾಗ 1,920 ತುಂಡು ಇದ್ದವು. ಆಗ ಎಷ್ಟೋ ಮಂದಿ ಆ ರೋಗದ ಹೆಸರು ಹೇಳಾಕ ಹೆದರ್ತಿದ್ರು. ಬಾಯಿಲೆ ಹೇಳಲಾರದ್ದನ್ನ ಹೊಲಿದು ತೋರಿಸಿದ್ರು. ನಿಮ್ಮ ಆ ಅಜ್ಜಿ ಸೀರಿ ಯಾರ ಹತ್ರರ ಅದನೇನು, ಕೇಳ್ರಿ.

ನೀರ್ಚಾಲು ನೆರೆಮನೆ

ಅಜ್ಜಿಯ ಸೀರೆ... ಅದು ನನಗೆ ಹೊಳೆದೇ ಇರಲಿಲ್ಲ. ಸೊಸೆಯನ್ನು ಕೇಳುತ್ತೇನೆ.

ಇನ್ನೊಂದು ತೊಂದರೆ ಹೇಳಲು ಮರೆತೆ. ಭಾಷೆ. ನಮ್ಮ 14 ಜನರಲ್ಲಿ ಕನ್ನಡ, ತುಳು, ಮಲಯಾಳಂ, ಕೊಂಕಣಿ, ಹವ್ಯಕ, ಮರಾಟಿ ಎಲ್ಲ ಉಂಟು. ನಾನು ಕನ್ನಡದಲ್ಲಿ ಶುರು ಮಾಡಿದೆ. ಕೆಲವರು ಅದಕ್ಕೇ ಸುಮ್ಮನೆ ಕೂತರಾ ಎಂದು ಈಗ ಅನುಮಾನ.

ಕುಂಬಳೆ ಕಡಲು

ಕನ್ನಡದಲ್ಲೇ ಆಗಬೇಕು. ನಾವೇ ಬಿಟ್ಟರೆ ಇಲ್ಲಿ ಯಾರು ಉಳಿಸುತ್ತಾರೆ? 1957ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಾಗಿನಿಂದ ಇದೇ ಕಥೆ.

ಮುಳ್ಳೇರಿಯ ಮೇಷ್ಟ್ರು

1956, ನವೆಂಬರ್ 1. ಅದಕ್ಕೂ ಮುಂಚೆ ನಾವು ಮದ್ರಾಸಿನ ದಕ್ಷಿಣ ಕನ್ನಡ. ಜಿಲ್ಲೆಯಾದದ್ದು 1984ರಲ್ಲಿ. ಕನ್ನಡಕ್ಕಾಗಿ ನಾನೂ ಮೆರವಣಿಗೆಯಲ್ಲಿ ನಡೆದವನು. ಆದರೆ ಅಳು ಬಂದಾಗ ಯಾವ ಭಾಷೆಯಲ್ಲಿ ಅಳಬೇಕು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಕುಂಬಳೆ ಕಡಲು

ವರ್ಷ ತಪ್ಪಾಯಿತು, ಸರಿಪಡಿಸಿದ್ದಕ್ಕೆ ಧನ್ಯವಾದ. ಭಾಷೆಯ ವಿಷಯದಲ್ಲಿ ನನ್ನ ಮಾತಿನಿಂದ ಹಿಂದೆ ಹೋಗುವುದಿಲ್ಲ. ಸಭೆ, ಬೋರ್ಡು, ಕರಪತ್ರ ಕನ್ನಡದಲ್ಲಿ ಇರಲಿ. ಮಾತು ಅವರವರ ಭಾಷೆಯಲ್ಲಿ ಆಗಲಿ. ಇಷ್ಟು ಆಗಬಹುದಲ್ವಾ?

ಎರಡನೇ ತಲೆಮಾರು

ನಾನು ಮಲಯಾಳಂ ಮೀಡಿಯಂನಲ್ಲಿ ಓದಿದವಳು. ಕನ್ನಡ ಮಾತಾಡುತ್ತೇನೆ, ಟೈಪು ತಮ್ಮನಿಂದ ಮಾಡಿಸುತ್ತಿದ್ದೇನೆ. ಅಜ್ಜನ ಹತ್ತಿರ ನನಗೆ ಮಾತು ಸಿಗುತ್ತಿರಲಿಲ್ಲ. ಅವರು ಹೇಳುವ ಪದ್ಯ ನನಗೆ ಅರ್ಥವಾಗುವುದಿಲ್ಲ, ನನ್ನ ಕಾಲೇಜು ಅವರಿಗೆ ಅರ್ಥವಾಗುವುದಿಲ್ಲ. ಒಂದು ಆಟಿ ತಿಂಗಳಲ್ಲಿ ಕರೆಂಟ್ ಹೋಗಿತ್ತು, ಹೊರಗೆ ಜಡಿಮಳೆ. ಅಜ್ಜ ಅಟ್ಟದಿಂದ ಗುಳಿ ಆಟದ ಚೆನ್ನೆಮಣೆ ತೆಗೆದರು. ಏಳು ಏಳು, ಹದಿನಾಲ್ಕು ಗುಳಿ. ಒಂದು ಗುಳಿ ಒಡೆದಿತ್ತು. ಅದನ್ನು ಮರದ ಪುಡಿ, ಅಂಟು ಸೇರಿಸಿ ಇಬ್ಬರೂ ಮುಚ್ಚಿದೆವು. ಆಮೇಲೆ ಸುತ್ತಲೂ ಬಣ್ಣ ಬಳಿದೆವು. ಅಜ್ಜ ಬಳ್ಳಿ ಬಿಡಿಸಿದರು, ನಾನು ಮೀನು ಬಿಡಿಸಿದೆ. ಆ ಮಣೆ ತಮ್ಮ ಅಕ್ಕನದ್ದು, ಆಕೆ ಹದಿನಾರಕ್ಕೆ ಹೆರಿಗೆಯಲ್ಲಿ ಹೋದಳು ಎಂದು ಆವತ್ತು ಹೇಳಿದರು. ಅಜ್ಜನಿಗೆ ಅಕ್ಕ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಚೌಕಿ ದೀಪ

ಗಂಡಸರ ವಿಷಯ ಯಾರೂ ಎತ್ತಲಿಲ್ಲ. ನಿಮ್ಮ 14ರಲ್ಲಿ ಗಂಡಸರು ಎಷ್ಟು?

ನಾನು ಯಕ್ಷಗಾನದ ಹವ್ಯಾಸಿ ವೇಷಧಾರಿ. ಕುಂಬಳೆ ಪಾರ್ತಿಸುಬ್ಬನ ನೆಲ ಇದು, ಆಟ ಇಲ್ಲದ ಊರಿಲ್ಲ. ರಂಗಸ್ಥಳ ಎಲ್ಲರೂ ನೋಡುತ್ತಾರೆ, ಒಳಗೆ ಬಣ್ಣ ಹಚ್ಚುವ ಚೌಕಿ ನೋಡಿದವರು ಕಮ್ಮಿ. ತೆಂಕುತಿಟ್ಟಿನಲ್ಲಿ ಮುಖಕ್ಕೆ ನಾವೇ ಬರೆದುಕೊಳ್ಳುವುದು. ರಾಕ್ಷಸರ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ಸಾಲಾಗಿ ಚಾಪೆಯ ಮೇಲೆ ಕೂತು ಎಲ್ಲರೂ ಕೈಯಲ್ಲಿ ಕನ್ನಡಿ ಹಿಡಿದಿರುತ್ತಾರೆ. ಆ ಹೊತ್ತಿನಲ್ಲಿ ಕೇಳಿದ ಮಾತು ನಾನು ಬೇರೆಲ್ಲೂ ಕೇಳಿಲ್ಲ. ನನ್ನ ಅಪ್ಪ ತೀರಿದ ವರ್ಷ ನಾನು ಮೊದಲು ಹೇಳಿಕೊಂಡದ್ದು ಅಲ್ಲೇ. ಅರ್ಧ ಮುಖಕ್ಕೆ ಬಣ್ಣ ಆಗಿತ್ತು. ಪಕ್ಕದವರು ತಿರುಗಿ ನೋಡಲಿಲ್ಲ. ತಮ್ಮ ಕನ್ನಡಿ ನೋಡುತ್ತಲೇ "ಹೂಂ, ಹೇಳು" ಎಂದರು. ಅಷ್ಟೇ ಸಾಕಾಯಿತು.

ಗಂಡಸರಿಗೆ ಬ್ರಷ್ ಕೊಟ್ಟರೆ ನಾಚಿಕೆ. ದೀಪಾವಳಿಗೆ ಗೂಡುದೀಪ ಕಟ್ಟಲು ಕರೆಯಿರಿ. ಬಿದಿರು ಸೀಳಲು, ಕಡ್ಡಿ ಕಟ್ಟಲು, ಬಣ್ಣದ ಕಾಗದ ಅಂಟಿಸಲು ಎಲ್ಲರೂ ಬರುತ್ತಾರೆ.

ಉಪ್ಪಳ ಗೇಟ್

ಪಿಲಿವೇಷವೂ (ಹುಲಿವೇಷ) ಹಾಗೆಯೇ. ಬಣ್ಣ ಒಣಗುವ ತನಕ ಕೈ ಅಗಲಿಸಿ ನಿಂತೇ ಇರಬೇಕು. ನನ್ನ ತಮ್ಮ ಮನೆಯಲ್ಲಿ ಬಾಯಿ ಬಿಡದವನು. ಬಣ್ಣ ಬಳಿಯುವವರ ಹತ್ತಿರ ಎಲ್ಲ ಹೇಳಿದ್ದನಂತೆ.

ಸಮಾಲೋಚಕಿ ಮಂಜೇಶ್ವರ

@ಚೌಕಿ ದೀಪ, ನೀವು ಹೇಳಿದ್ದಕ್ಕೆ ಆಸ್ಟ್ರೇಲಿಯಾದಲ್ಲಿ ಒಂದು ಏರ್ಪಾಡೇ ಉಂಟು. 1990ರ ದಶಕದಲ್ಲಿ ಶುರುವಾದ 'ಮೆನ್ಸ್ ಶೆಡ್'. ನಿವೃತ್ತರಾದ, ಒಂಟಿಯಾದ ಗಂಡಸರು ಒಂದು ಕೊಟ್ಟಿಗೆಯಲ್ಲಿ ಸೇರಿ ಮರಗೆಲಸ, ಸೈಕಲ್ ರಿಪೇರಿ ಮಾಡುತ್ತಾರೆ. ಗಂಡಸರು ಎದುರೆದುರು ಮಾತಾಡುವುದಿಲ್ಲ, ಭುಜಕ್ಕೆ ಭುಜ ತಾಗಿಸಿ ಕೂತರೆ ಮಾತಾಡುತ್ತಾರೆ ಎಂಬುದು ಅವರ ಮಾತು. ನಿಮ್ಮ ಚೌಕಿಯೇ ಅದು.

ಅಯಲ್‌ಕೂಟ

ಹೊಸ ಗುಂಪು ಯಾಕೆ? 1998ರಿಂದ ಕೇರಳ ಸರಕಾರದ ಕುಟುಂಬಶ್ರೀ ಉಂಟು. ಹತ್ತರಿಂದ ಇಪ್ಪತ್ತು ಹೆಂಗಸರ ಅಯಲ್‌ಕೂಟ (ನೆರೆಹೊರೆ ಗುಂಪು) ಪ್ರತಿ ವಾರ್ಡಿನಲ್ಲೂ ಉಂಟು. ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಇದಕ್ಕೆ ಕೊಡಿ.

ಹೊಳೆಬದಿ

ಬೇಡ. ಸಾಲ ಕಟ್ಟಲು ಆಗದವರು ಆ ಸಭೆಗೆ ತಲೆ ತಗ್ಗಿಸಿಕೊಂಡು ಬರುತ್ತಾರೆ. ಅದೇ ಜಾಗದಲ್ಲಿ ಮನಸ್ಸು ಬಿಚ್ಚಿ ಎಂದರೆ ಹೇಗೆ?

ಅಯಲ್‌ಕೂಟ

ನಮ್ಮಲ್ಲಿ ಹಾಗಿಲ್ಲ. ಕಟ್ಟಲಾಗದವರಿಗೆ ನಾವೇ ಹಾಕಿ ಕಟ್ಟಿದ್ದುಂಟು. ಆದರೂ ನೀವು ಹೇಳಿದ್ದು ಯೋಚಿಸಬೇಕಾದ್ದೇ. ಜಾಗ ಬೇರೆ ಮಾಡಿದರೆ ಒಳ್ಳೆಯದು.

ಅಡಿಕೆ ಸಿಪ್ಪೆ

ಕಾಗದ, ಬಣ್ಣಕ್ಕೆ ದುಡ್ಡು ಹಾಕಬೇಡಿ. ಅಡಿಕೆ ಮರದಿಂದ ಬೀಳುವ ಹಾಳೆ ತನ್ನಿ. ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಚಪ್ಪಟೆ ಮಾಡಿ ಒಣಗಿಸಿದರೆ ಒಳಮೈ ಕಾಗದಕ್ಕಿಂತ ಚಂದ. ಕೆಂಪಿಗೆ ಮುರಕಲ್ಲಿನ ಮಣ್ಣು, ಕಪ್ಪಿಗೆ ಇದ್ದಿಲು, ಬಿಳಿಗೆ ಸುಣ್ಣ. ಹಾಳೆ ಕಂಡರೆ ಯಾರಿಗೂ ಹೆದರಿಕೆ ಇಲ್ಲ. ಬಿಳಿ ಡ್ರಾಯಿಂಗ್ ಶೀಟ್ ಕಂಡರೆ ಪರೀಕ್ಷೆ ನೆನಪಾಗುತ್ತದೆ.

ಎರಡನೇ ತಲೆಮಾರು

ಮಳೆಗಾಲದಲ್ಲಿ ಹಾಳೆಗೆ ಬೂಸ್ಟು ಬರುವುದಿಲ್ಲವಾ?

ಅಡಿಕೆ ಸಿಪ್ಪೆ

ಬರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಡಿ.

ನೀರ್ಚಾಲು ನೆರೆಮನೆ

ಎಲ್ಲರಿಗೂ ವರದಿ ಒಪ್ಪಿಸಬೇಕಲ್ವಾ. ಮೊನ್ನೆ ಭಾನುವಾರ ಆಯಿತು.

ಕುರ್ಚಿ ತೆಗೆದು ಚಾಪೆ ಹಾಸಿದೆವು. ಹಾಳೆ ಇಟ್ಟೆವು. ಮೇಷ್ಟ್ರು ಹೇಳಿದ ಹಾಗೆ ಒಬ್ಬ ಹುಡುಗ ಒಂದು ಕಥೆ ಓದಿದ. ಬಣ್ಣ ನಾವೇ ಕಲಸಿದೆವು. ಅರಿಶಿನದ ನೀರಿಗೆ ಒಂದು ಮಗು ಸುಣ್ಣ ಹಾಕಿತು. ಹಳದಿ ಹೋಗಿ ರಕ್ತಗೆಂಪು ಆಯಿತು. ಮಗು "ಅಯ್ಯೋ" ಎಂದು ಕೈ ಹಿಂದೆ ಎಳೆಯಿತು. ಒಬ್ಬ ಅಜ್ಜಿ ಅದಕ್ಕೆ ಲಿಂಬೆ ಹಿಂಡಿ ಮತ್ತೆ ಹಳದಿ ಮಾಡಿ ತೋರಿಸಿದರು. ಆಮೇಲೆ ಮಗು ಅವರ ಪಕ್ಕದಿಂದ ಏಳಲೇ ಇಲ್ಲ. ಒಬ್ಬರದ್ದು ಮಲಯಾಳಂ, ಒಬ್ಬರದ್ದು ತುಳು.

ತೆಂಗಿನಮರ ಸರಿ ಮಾಡಿದ ಹಿರಿಯರ ಹತ್ತಿರ ನಾನು ಮುಂಚಿನ ದಿನವೇ ಹೋಗಿ ಮಾತಾಡಿದ್ದೆ. ಬೇಸರ ಮಾಡಿಕೊಳ್ಳಬಹುದು ಎಂದು ಹೆದರಿಕೆ ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಾಲೆಯಲ್ಲಿ ತನ್ನ ಚಿತ್ರವನ್ನು ಹರಿದು ಹಾಕಿದ್ದರು ಎಂದು ಹೇಳಿದರು. ಅರವತ್ತು ವರ್ಷ ಹಿಂದಿನ ಮಾತು. ಮಾರನೇ ದಿನ ಅವರು ಮುರಕಲ್ಲು ಕುಟ್ಟಿ ಮಣ್ಣು ಜರಡಿ ಹಿಡಿಯುವ ಕೆಲಸ ವಹಿಸಿಕೊಂಡರು. ಯಾರ ಹಾಳೆಯ ಕಡೆಯೂ ಹೋಗಲಿಲ್ಲ.

ಆ ಅಕ್ಕ ಬಂದಿರಲಿಲ್ಲ. ಕೇಳಿ ಕಳಿಸಿದ್ದೆ, ಆದರೂ ಬರಲಿಲ್ಲ. ಅದು ಮನಸ್ಸಿನಲ್ಲಿ ಕೊರೆಯುತ್ತಾ ಉಂಟು.

ಅಜ್ಜಿಯ ಸೊಸೆ ಬಂದಿದ್ದರು. ಒಂದು ಹಸಿರು ಸೀರೆ ತಂದು ಚಾಪೆಯ ತುದಿಯಲ್ಲಿ ಇಟ್ಟರು. ಕತ್ತರಿಸಲು ಮನಸ್ಸು ಬರಲಿಲ್ಲ, ನನಗೂ ಬರಲಿಲ್ಲ. ಹಾಗೇ ಮಡಿಕೆಯಲ್ಲೇ ಇತ್ತು. ಅವರು ಹಾಳೆಯಲ್ಲಿ ಗೇಟು ಬಿಡಿಸಿದರು. ಕುರ್ಚಿ ಬಿಡಿಸಲಿಲ್ಲ.

ಅಕ್ಕಲಕೋಟೆ ಕೌದಿ

ಕತ್ತರಿಸಬ್ಯಾಡ್ರಿ. ಕೌದಿಗಿ ಮ್ಯಾಲಿನ ಹೊದಿಕಿ ಇಡೀ ಸೀರಿದೇ ಆಗ್ಬಹುದು. ಒಳಗಿನ ತುಂಡು ಬ್ಯಾರೆಯವರು ತರಲಿ.

ಪೆರ್ಲದ ಪಯಣಿಗ

ಆ ಅಕ್ಕನ ಮನೆಗೆ ನೀವೇ ಹೋಗಿ. ಹೇಳಿ ಕಳಿಸಿದರೆ ಸಾಲದು. ಒಂದು ಹಾಳೆ ಹಿಡಿದುಕೊಂಡು ಹೋಗಿ ಅವರ ಜಗಲಿಯಲ್ಲಿ ಕೂರಿ.

ನೀರ್ಚಾಲು ನೆರೆಮನೆ

ನಾಳೆ ಸಂಜೆ ಹೋಗುತ್ತೇನೆ. ಮುಂದಿನ ತಿಂಗಳಿಗೆ ಹಾಳೆ ಸಾಕಾಗುವುದಿಲ್ಲ. ಯಾರ ತೋಟದಲ್ಲಾದರೂ ಬಿದ್ದದ್ದು ಉಂಟಾ?

ಅಡಿಕೆ ಸಿಪ್ಪೆ

ಇಪ್ಪತ್ತು ಉಂಟು. ಶನಿವಾರ ಬಸ್ಸಿನಲ್ಲಿ ತರುತ್ತೇನೆ. ನೆನೆಸಲು ದೊಡ್ಡ ಪಾತ್ರೆ ಇಟ್ಟಿರಿ.